ಕೈ ಎತ್ತಿದಷ್ಟೇ ಎತ್ತರ

ಕಪಾಟು ಮಾಡಿಸಲು ಹೋದ ಅಂಗಡಿಯಲ್ಲಿ ನಿಮ್ಮನ್ನು ಯಾರಾದರೂ ಕೈ ಎತ್ತಿಸಿ ನಿಲ್ಲಿಸಿದ್ದಾರಾ? ನನ್ನನ್ನು ಸೊಸೆ ನಿಲ್ಲಿಸಿದಳು, ಹುಮನಾಬಾದಿನಲ್ಲಿ.

ಬಸವಕಲ್ಯಾಣದ ನಮ್ಮ ಅಡುಗೆಮನೆಗೆ ಅವಳು ಆರಿಸಿದ್ದು ಕನ್ನಡಿಯಂತೆ ಹೊಳೆಯುವ, ಛತ್ತಿನವರೆಗೆ ಹೋಗುವ ಹೊಸ ಮಾದರಿ. ನನಗೆ ಜಾಲರಿ ಬಾಗಿಲಿನ ಹಳೆಯ ಸಾಗವಾನಿ ಕಪಾಟೇ ಬೇಕಿತ್ತು. ಅದರಲ್ಲಿ ಖಾರದ ಡಬ್ಬಿ ಎಲ್ಲಿದೆ ಎಂದು ಕಣ್ಣು ಮುಚ್ಚಿಯೂ ಹೇಳುತ್ತೇನೆ. ಹೊಸದು ಬಂದರೆ ಒಂದೊಂದು ಡಬ್ಬಿಗೂ ಅವಳನ್ನೇ ಕೂಗಬೇಕು. ಇನ್ನು ಅಡುಗೆಮನೆ ನನ್ನ ಕೈ ತಪ್ಪಿತು ಎಂದುಕೊಂಡು, ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ.

ಅಂಗಡಿಯ ಬಡಿಗ ಟೇಪು ತೆಗೆದ. ಸೊಸೆ ಅವನನ್ನು ತಡೆದಳು.

"ಅತ್ತಿ, ಗ್ವಾಡಿಗಿ ಬೆನ್ನ ಹಚ್ಚಿ ನಿಂತು ಕೈ ಎತ್ತರಿ. ಭಯ್ಯಾ, ಇವ್ರ ಕೈ ಎಲ್ಲಿ ಮುಟ್ತದ, ಕಪಾಟಿನ ಮ್ಯಾಲಿನ ಖಾನಾ ಅಲ್ಲಿಗೇ ಮುಗೀಲಿ."

ಬಾಗಿಲು ಎಷ್ಟಾದರೂ ಹೊಳೆಯಲಿ ಎನಿಸಿತು. ಆದರೂ ಸೋತೆನೆಂದು ತೋರಿಸದೆ ಚುಚ್ಚಿದೆ: "ಇಷ್ಟ್ ಗಿಡ್ಡ ಮಾಡ್ಸಿದ್ರ, ನಾ ಹೋದ ಮ್ಯಾಲ ಬಗ್ಗಿ ಬಗ್ಗಿ ನಿನ್ನ ಟೊಂಕ ನೋಯ್ತದ ನೋಡು."

"ಅಲ್ಲಿತನಕ ನಾನೂ ಮುದುಕಿ ಆಗಿ ಗಿಡ್ಡ ಆಗಿರ್ತೀನ್ರಿ. ಸುಮ್ಮ ಕೈ ಎತ್ತರಿ."