ಅಗಸ್ತ್ಯನ ಕೆಳಗಿನ ಮಸುಕು

ಕೆಂಗೇರಿ ಸ್ಟೇಷನ್ನಿನ ಆಚೆ, ನಮ್ಮ ಬಾಡಿಗೆ ಮನೆಯ ಹಿಂದೆ ಒಂದು ಚಪ್ಪಟೆ ಬಂಡೆ ಇತ್ತು. ಮಾಘದ ಸಂಜೆಗಳಲ್ಲಿ ಬೇಗ ಉಂಡು ನಾನೂ ನನ್ನ ಹೆಂಡತಿಯೂ ಅಲ್ಲಿ ಕೂರುತ್ತಿದ್ದೆವು. ದಕ್ಷಿಣದಲ್ಲಿ ಅಗಸ್ತ್ಯ ನಕ್ಷತ್ರದ ಕೆಳಗೆ, ನೆಲಕ್ಕೆ ತಾಗುವಷ್ಟು ತಗ್ಗಿನಲ್ಲಿ, ಆ ಮಸುಕನ್ನು ಮೊದಲು ಕಂಡವಳು ಅವಳು.

"ಮೋಡ ಆಗಿದ್ರೆ ಇಷ್ಟೊತ್ತಿಗೆ ಸರಿದುಹೋಗ್ಬೇಕಿತ್ತಲ್ಲ ಕಣ್ರೀ. ಯಾರೋ ಹಿಂಜಿ ಬಿಟ್ಟ ಹತ್ತಿ ಥರ ಇದೆ."

ನಾನು ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಅಲ್ಲಿನ ಇಂಜಿನಿಯರೊಬ್ಬರನ್ನು ಕೇಳಿದ್ದಕ್ಕೆ, ಅದು ಬೇರೆಯೇ ಒಂದು ಗ್ಯಾಲಕ್ಸಿ, ಕೋಟಿಗಟ್ಟಲೆ ನಕ್ಷತ್ರಗಳ ಗುಂಪು, ಆದರೆ ಆ ಜಾತಿಯಲ್ಲಿ ಕುಬ್ಜ, ನೆಟ್ಟಗೊಂದು ಆಕಾರವಿಲ್ಲದ್ದು ಎಂದರು. ಮನೆಗೆ ಬಂದು ಹೇಳಿದೆ.

"ಪಾಪ, ನಾನು ಮೊದಲ ಸಲ ತಟ್ಟಿದ ರೊಟ್ಟಿ ಥರ," ಎಂದು ನಕ್ಕಳು. ಅದರ ಫೋಟೋ ಬೇಕು ಎಂದಳು.

ಹಳೆಯ ಕ್ಯಾಮೆರಾವನ್ನು ಓರೆ ಹಲಗೆಗೆ ಕಟ್ಟಿದೆ. ಅಷ್ಟು ಮಂಕು ಬೆಳಕು ಹಿಡಿಯಲು ಕ್ಯಾಮೆರಾ ಬಹಳ ಹೊತ್ತು ತೆರೆದಿರಬೇಕು; ಅಷ್ಟು ಹೊತ್ತೂ ಆಕಾಶ ಸರಿದಂತೆ ಹಲಗೆಯೂ ಸರಿಯಲೆಂದು ಕೆಳಗೊಂದು ತಿರುಪು. ಅದನ್ನು ಒಂದೇ ಸಮ ತಿರುಗಿಸುವುದು ನನ್ನ ಕೈಲಾಗಲಿಲ್ಲ. ಅವಳು ರಾಗಿ ಬೀಸುವ ಪದವೊಂದನ್ನು ಗುನುಗುತ್ತ, ಅದರ ಲಯಕ್ಕೆ ತಿರುಗಿಸಿದಳು. ಮಂಜಿನಿಂದ, ರೈಲಿನ ಹೊಗೆಯಿಂದ ಹಲವು ಸಲ ಕೆಟ್ಟು, ಕೊನೆಗೊಂದು ಸಂಜೆ ಎಲ್ಲ ಸರಿಬಂತು. ಚಿತ್ರ ಹಿಡಿದ ಗಾಜಿನ ಪ್ಲೇಟನ್ನು ಬೆಳಕು ತಾಕದಂತೆ ಕಪ್ಪು ಕಾಗದದಲ್ಲಿ ಸುತ್ತಿ ಅವಳ ಸೀರೆಗಳ ಅಡಿಯಲ್ಲಿಟ್ಟೆವು. ಭಾನುವಾರ ರಸಾಯನದಲ್ಲಿ ತೊಳೆದು ಚಿತ್ರ ಮೂಡಿಸುವುದೆಂದಿತ್ತು.

ಆ ವಾರವೇ ಅವಳಿಗೆ ಜ್ವರ ಬಂತು. ಮುಂದಿನ ಭಾನುವಾರ ಅವಳಿರಲಿಲ್ಲ.

ಸೂತಕ ಕಳೆಯುವ ದಿನ ನನ್ನ ಸೋದರತ್ತೆ ಮನೆಯದನ್ನೆಲ್ಲ ತೊಳೆದು, ತೊಳೆಯಲಾಗದ್ದನ್ನು ಬಿಸಿಲಿಗೆ ಹಾಕಿದರು. ನಾನು ಸ್ನಾನ ಮುಗಿಸಿ ಬಂದಾಗ ಅಂಗಳದಲ್ಲಿ, ಒಣಹಾಕಿದ ಸೀರೆಗಳ ಪಕ್ಕ, ಪ್ಲೇಟು ಬರಿದಾಗಿ ಹೊಳೆಯುತ್ತಿತ್ತು. ರಸಾಯನದಲ್ಲಿ ತೊಳೆಯುವ ಮುಂಚೆ ಬೆಳಕು ತಾಕಿದರೆ ಅದರಲ್ಲಿ ಏನೂ ಉಳಿಯುವುದಿಲ್ಲ.

"ಕಾಗದ ಬಿಚ್ಚಿಟ್ಟಿದೀನಿ ಕಣೋ, ಎರಡೂ ಕಡೆ ಕಾಯ್ಲಿ ಅಂತ," ಎಂದರು ಅತ್ತೆ. ನನ್ನ ಮುಖ ನೋಡಿ ಗಾಬರಿಯಾದರು. "ಅವಳ ಫೋಟೋ ಇತ್ತೇನೋ ಅದ್ರಲ್ಲಿ?"

"ಇಲ್ಲ ಅತ್ತೆ."

"ಸದ್ಯ," ಎಂದು ಉಸಿರುಬಿಟ್ಟರು.

ಆದರೂ ಆ ಸಂಜೆ ಅದನ್ನು ರಸಾಯನದಲ್ಲಿ ತೊಳೆದೆ. ಪೂರ್ತಿ ಕಪ್ಪಾಗಿತ್ತು.

ಮರುವರ್ಷ ಮಾಘದಲ್ಲಿ ಹಲಗೆಯನ್ನು ಮತ್ತೆ ಬಂಡೆಗೆ ಹೊತ್ತೊಯ್ದೆ. ಮಸುಕು ತನ್ನ ಜಾಗದಲ್ಲೇ ಇತ್ತು. ಅವಳ ಪದದಲ್ಲಿ ನನಗೆ ಬರುತ್ತಿದ್ದುದು ಎರಡೇ ಸಾಲು; ಅವನ್ನೇ ಗುನುಗುತ್ತ ತಿರುಪು ತಿರುಗಿಸಿದೆ. ನಡುವೆ ಒಮ್ಮೆ ಪದ ನಿಂತಿತು, ಕೈಯೂ ನಿಂತಿತು.

ಚಿತ್ರವೇನೋ ಬಂದಿದೆ. ಹಿಂಜಿದ ಹತ್ತಿ ಒಂದು ಪಕ್ಕಕ್ಕೆ ಎಳೆದುಕೊಂಡಿದೆ, ಸುತ್ತಲಿನ ಪ್ರತಿ ಚುಕ್ಕಿಗೂ ಸಣ್ಣದೊಂದು ಬಾಲ. ನನ್ನ ಕೈ ನಿಂತ ಮೇಲೆ ಆಕಾಶ ಹೋದಷ್ಟು ದೂರ ಅದು.