ಕಬ್ಬಿನ ನಡುವೆ ಉಳಿದ ಹುತ್ತ

ನಮ್ಮ ಯಜಮಾನರು ಅಣಬೆ ತಿನ್ನುವವರಲ್ಲ. ಬಾಯೊಳಗೆ ರಬ್ಬರಿನ ಹಾಗೆ ಆಗುತ್ತದೆ ಅನ್ನುತ್ತಾರೆ. ನನಗೆ ಮಾತ್ರ ಅದು ಲೋಕಾಪುರದ ಕಡೆಯ ತವರಿನಿಂದ ಬಂದ ರುಚಿ. ಹಸ್ತ, ಚಿತ್ತಿ ಮಳೆ ಗುಡುಗಿ ಹೋದ ಮರುದಿನ ಇಲ್ಲಿ ನಮ್ಮ ಹೊಲದ ಹುತ್ತದ ಸುತ್ತ ಅಣಬೆ ಏಳುತ್ತಿದ್ದವು. ಬಿಸಿಲು ಏರುವ ಮೊದಲೇ ಹೋಗಿ, ಇನ್ನೂ ಅರಳದವನ್ನು ಮೆಲ್ಲಗೆ ಅಲುಗಿಸಿ ಕಿತ್ತು ಉಡಿಗೆ ಹಾಕಿಕೊಳ್ಳುತ್ತಿದ್ದೆ. ಮಣ್ಣು ತೊಳೆದು, ಉಳ್ಳಾಗಡ್ಡಿ, ಖಾರ, ಶೇಂಗಾ ಪುಡಿ ಹಾಕಿ ಪಲ್ಯ ಮಾಡಿದರೆ ನಾನೂ ಮಕ್ಕಳೂ ರೊಟ್ಟಿ ಎಣಿಸುತ್ತಿರಲಿಲ್ಲ.

ಹೊಳೆಯಿಂದ ಪೈಪ್‌ಲೈನ್ ಬಂದ ವರ್ಷ ಕಬ್ಬು ಹಚ್ಚುವುದೆಂದು ಠರಾವಾಯಿತು. ನೆಲ ಸಮ ಮಾಡಲು ಬೇಸಿಗೆಯಲ್ಲಿ ಸಾವಳಗಿಯಿಂದ ಟ್ರ್ಯಾಕ್ಟರ್ ಕರೆಸಿದರು. ಹುತ್ತ ಹೋದರೆ ಅಣಬೆಯೂ ಹೋದಂತೆಯೇ. ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ವರ್ಷಕ್ಕೆ ಎರಡು ಮೂರು ಸಲ ತಿನ್ನುವ ಪಲ್ಯಕ್ಕಾಗಿ ನೀರಾವರಿ ನೆಲ ಬಿಡಿರಿ ಎನ್ನಲು ನಾಲಿಗೆ ಏಳಲಿಲ್ಲ.

ಮಧ್ಯಾಹ್ನ ಬುತ್ತಿ ಒಯ್ದಾಗ ಟ್ರ್ಯಾಕ್ಟರ್ ಹುತ್ತದ ಎದುರೇ ನಿಂತಿತ್ತು. ಡ್ರೈವರ್ ಇವರಿಗೆ ದೂರದ ಸಂಬಂಧದಲ್ಲಿ ತಮ್ಮನಾಗಬೇಕು, ಮಾತಿಗೆ ಸೋಲುವವನಲ್ಲ. ಹುತ್ತ ಬಿಟ್ಟು ಸುತ್ತು ಹಾಕೆಂದು ಇವರು ಹೇಳಿದ್ದಕ್ಕೆ ಒಪ್ಪಿರಲಿಲ್ಲ.

"ನಾಗಪ್ಪನ ಜಾಗಾ ಐತಿ, ಮುಟ್ಟಬ್ಯಾಡ," ಅಂದರು ಇವರು.

"ಯಾವಾಗಿಂದ ಅಣ್ಣಾ? ಪಂಚಮಿಗೆ ನೀವು ಹಾಲು ಎರಿಯೂದು ಊರಾಗಿನ ನಾಗರಕಟ್ಟಿಗೆ. ಇಲ್ಲಿ ಒಂದು ಚಿಟಿಕಿ ಅರಿಷಿಣಾನೂ ಕಾಣವಲ್ದು."

ಇವರು ನನ್ನ ಕಡೆ ನೋಡದೆ, ಈ ಶ್ರಾವಣದಿಂದ ಇಲ್ಲಿಯೂ ಎರೆಯುತ್ತೇವೆ ಅಂದುಬಿಟ್ಟರು. ಅವನು ನಗುತ್ತ ಗಾಡಿ ತಿರುಗಿಸಿದ.

ಅವನು ನೀರು ಕುಡಿಯಲು ಹೋದಾಗ, ದೇವರ ಹೆಸರಿನಲ್ಲಿ ಸುಳ್ಳು ಯಾಕೆ ಹೇಳಿದಿರಿ ಎಂದು ಮೆಲ್ಲಗೆ ಕೇಳಿದೆ.

"ಹೆಂಡ್ತಿ ಅಣಬಿ ಸಲುವಾಗಿ ಅಂದ್ರ ಸಾವಳಗಿ ಮುಟ್ಟೂತನಾ ಹೇಳ್ಕೋತ ಹೋಗ್ತಾನ," ಅಂದು ರೊಟ್ಟಿ ಮುರಿದರು.

ಆಡಿದ ಮಾತಿಗೆ ತಪ್ಪದೆ ಪಂಚಮಿಗೆ ಹುತ್ತಕ್ಕೂ ಹಾಲೆರೆದೆವು. ಆದರೆ ಸುತ್ತಲೂ ನೀರು ಹರಿಯುವ ನೆಲದಲ್ಲಿ ಅಣಬೆ ಏಳುವವೋ ಇಲ್ಲವೋ ಎಂಬ ಅನುಮಾನ ನನಗಿತ್ತು. ಚಿತ್ತಿ ಮಳೆ ಬಿದ್ದ ಮರುದಿನ ನಸುಕಿನಲ್ಲಿ ಹೋದೆ. ಕಬ್ಬು ತಲೆ ಮೀರಿ ಬೆಳೆದಿತ್ತು. ಮೈಕೈ ಗೀರಿಸಿಕೊಂಡೇ ಹೋಗಬೇಕೆಂದುಕೊಂಡರೆ, ಒಬ್ಬರು ನಡೆಯುವಷ್ಟು ಜಾಗದಲ್ಲಿ ಗರಿಗಳನ್ನು ಕುಡುಗೋಲಿನಿಂದ ಸವರಿ ದಾರಿ ಮಾಡಿಟ್ಟಿತ್ತು. ಇವರು ಯಾವಾಗ ಮಾಡಿದ್ದರೋ, ಮನೆಯಲ್ಲಿ ಒಂದು ಮಾತೂ ಆಡಿರಲಿಲ್ಲ.

ಹುತ್ತದ ಮಗ್ಗುಲಿಗೆ ಒಂದು ಉಡಿ ತುಂಬುವಷ್ಟು ಅಣಬೆ ಎದ್ದಿದ್ದವು. ತಕ್ಷಣ ಕೀಳಲು ಮನಸ್ಸಾಗಲಿಲ್ಲ. ಸ್ವಲ್ಪ ಹೊತ್ತು ಅಲ್ಲೇ ಕುಳಿತೆ.