ಜಮಖಾನದ ಸರದಿ

ನಾನು ಏನು ಓದುತ್ತಿದ್ದೇನೆ ಎಂಬುದನ್ನು ನಮ್ಮ ಅವ್ವನಿಗೆ ತಿಳಿಯುವ ಹಾಗೆ ಹೇಳಲು ನನ್ನಿಂದ ಇವತ್ತಿಗೂ ಆಗಿಲ್ಲ. ಕುಕನೂರಿನಲ್ಲಿ ನಮ್ಮದು ಕಾಳುಕಡಿ ವ್ಯಾಪಾರದ ಮನೆ. ಅಪ್ಪ ಹೋದ ಮೇಲೆ ಅಂಗಡಿ ಅಣ್ಣನ ಕೈಗೆ ಬಂತು, ನಾನು ಪುಸ್ತಕದ ಕಡೆ ಹೊರಳಿದೆ. ಪಿಎಚ್‌ಡಿಗೆ ಸೇರಿದ ಹೊಸತರಲ್ಲಿ ಅವ್ವ ಜೋಳ ಹಸನು ಮಾಡುತ್ತ ಕೇಳಿದಳು, "ಯಾವುದರ ಮ್ಯಾಲ ಓದ್ತಿ?"

"ಕ್ರೈಸ್ತ ಧರ್ಮದ ಮ್ಯಾಲವ್ವ. ಅದು ಒಂದೊಂದು ದೇಶದಾಗ ಒಂದೊಂದು ಥರ ಹೆಂಗ ಆಗೇತಿ ಅನ್ನೂದು."

ಅವ್ವ ಮೊರವನ್ನು ಕೆಳಗಿಟ್ಟಳು. "ಓದಾಕ ಮತ್ತೇನೂ ಸಿಗಲಿಲ್ಲೇನ ನಿನಗ? ಲಗ್ನಂತೂ ಆಗಲಿಲ್ಲ, ಇನ್ನ ಕೊರಳಾಗಿನ ಲಿಂಗಾನೂ ತಗೀತಿ ಏನ?"

"ದನದ ಡಾಕ್ಟರ್ ಆದಾವ ದನ ಆಗ್ಯಾನೇನವ್ವ?" ಎಂದೆ. ಅಣ್ಣ ಅಂಗಡಿಯೊಳಗಿಂದ ನಕ್ಕ. ಅವ್ವ ನಗಲಿಲ್ಲ. ಅಂದಿನಿಂದ ನಾನು ಊರಿಗೆ ಹೋದಾಗಲೆಲ್ಲ ಮೊದಲು ನನ್ನ ಕೊರಳು ನೋಡುತ್ತಾಳೆ, ಆಮೇಲೆ ಮುಖ ನೋಡುತ್ತಾಳೆ.

ಅವ್ವನನ್ನೇ ಯಾಕೆ ದೂರಲಿ? ಗಂಗಾವತಿಯ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ. ಡಿಸೆಂಬರ್ ಬಂದರೆ ಸಾಕು, ಸ್ಟಾಫ್ ರೂಮಿನಲ್ಲಿ "ಮೇಡಮ್ಮಾರ, ಕೇಕ್ ಎಲ್ರೀ?" ಎಂದು ಕಾಡುತ್ತಾರೆ. ಚರ್ಚುಗಳಿಗೆ ಹೋದರೆ ಅಲ್ಲಿಯವರು "ಸಿಸ್ಟರ್, ದೀಕ್ಷಾಸ್ನಾನ ಯಾವಾಗ?" ಎಂದು ಕೇಳುತ್ತಾರೆ. ಇತ್ತ ನಮ್ಮವರಿಗೆ ನಾನು ಹೋಗಿಬಿಟ್ಟವಳು, ಅತ್ತ ಅವರಿಗೆ ಇನ್ನೂ ಬರಬೇಕಾದವಳು. ನಡುವೆ ನಿಂತು ನೋಡುವುದೂ ಒಂದು ಕೆಲಸ ಎಂದರೆ ಯಾರೂ ಒಪ್ಪುವುದಿಲ್ಲ.

ಆದರೆ ಆ ವಿಷಯ ನನ್ನನ್ನು ಹಿಡಿದುಬಿಟ್ಟಿತ್ತು. ನಮ್ಮ ಕಡೆ ಕ್ರೈಸ್ತ ಧರ್ಮವೆಂದರೆ ಬಿಳಿಯರು ತಂದದ್ದು, ಇಂಗ್ಲಿಷ್ ಶಾಲೆ, ಮುಗಿಯಿತು. ಈಜಿಪ್ಟ್, ಇಥಿಯೋಪಿಯಾಗಳಲ್ಲಿ ಅದು ಎಷ್ಟು ಹಳೆಯದು, ಯುರೋಪಿನ ಎಷ್ಟೋ ಸೀಮೆಗಳಿಗಿಂತ ಮೊದಲೇ ಕೇರಳಕ್ಕೆ ಹೇಗೆ ಬಂದಿತ್ತು, ಇವತ್ತು ಆಫ್ರಿಕಾದ ಹಳ್ಳಿಗಳಲ್ಲಿ ಡೋಲು ಬಾರಿಸಿ ಕುಣಿಯುವವರೂ ಕೊರಿಯಾದಲ್ಲಿ ನಸುಕಿನಲ್ಲೇ ಎದ್ದು ಪ್ರಾರ್ಥನೆಗೆ ಓಡುವವರೂ ಅದೇ ಒಂದು ಹೆಸರಿನಲ್ಲಿ ಹೇಗೆ ಇದ್ದಾರೆ ಎಂದು ಓದಿದಾಗ ನನಗೆ ಹುಚ್ಚು ಹಿಡಿದಂತಾಯಿತು. ಅಷ್ಟು ದೂರ ಹೋಗಲು ನನ್ನ ಹತ್ತಿರ ಪಾಸ್‌ಪೋರ್ಟೂ ಇರಲಿಲ್ಲ. ಹಾಗಾಗಿ ಭಾನುವಾರ ಬಸ್ಸು ಹತ್ತಿ ನಮ್ಮ ಜಿಲ್ಲೆಯನ್ನೇ ಸುತ್ತತೊಡಗಿದೆ.

ಕೊಪ್ಪಳದ ಚರ್ಚಿನಲ್ಲಿ ಬೆಂಚಿನ ಮೇಲೆ ಕುಳಿತು, ಪುಸ್ತಕ ನೋಡಿ ಮೆಲ್ಲಗೆ ಹಾಡುತ್ತಿದ್ದರು. ಕೆಮ್ಮು ಬಂದರೂ ಕರವಸ್ತ್ರ ಹಿಡಿಯುವ ಜನ. ಕುಷ್ಟಗಿಯಲ್ಲಿ ತಗಡಿನ ಶೆಡ್ಡು, ಚಪ್ಪಲಿ ಹೊರಗೆ, ಹೆಂಗಸರು ಒಂದು ಕಡೆ ತಲೆಯ ಮೇಲೆ ಸೆರಗು ಹೊದ್ದು ನೆಲದ ಮೇಲೆ. ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ ಯೇಸುವಿನ ಹಾಡಿಗೆ ತಾಳ ಹಾಕುತ್ತಿದ್ದರು, ಧಾಟಿ ಮಾತ್ರ ನಮ್ಮ ಮನೆಯ ಸೋಮವಾರದ ಭಜನೆಯದೇ. ಗಂಗಾವತಿಯ ಕಾಲುವೆ ಪಕ್ಕದಲ್ಲಿ, ಆಂಧ್ರದಿಂದ ಬಂದ ರೈತರ ಕ್ಯಾಂಪಿನಲ್ಲಿ ತೆಲುಗು ಹಾಡು, ಕೀಬೋರ್ಡು, ಕೊನೆಗೆ ಎಲ್ಲರೂ ಒಮ್ಮೆಲೆ ಗಟ್ಟಿ ದನಿಯಲ್ಲಿ ತಮ್ಮ ತಮ್ಮ ಪ್ರಾರ್ಥನೆ ಮಾಡುವುದು. ಒಬ್ಬರದು ಇನ್ನೊಬ್ಬರಿಗೆ ಅಷ್ಟಕ್ಕಷ್ಟೇ. "ಕ್ಯಾಂಪಿನವರು ಭಾಳ ಗದ್ಲಾ ಮಾಡ್ತಾರ್ರಿ," ಎಂದು ಕೊಪ್ಪಳದವರು. "ಅವರದು ತಣ್ಣನ ಭಕ್ತಿ ಬಿಡ್ರಿ," ಎಂದು ಕ್ಯಾಂಪಿನವರು. ನಾನು ಎಲ್ಲ ಕಡೆಯೂ ಹಿಂದಿನ ಸಾಲಿನಲ್ಲಿ ಪೆನ್ನು ಹಿಡಿದು ಕೂತವಳು.

ಭಾನುವಾರ ಸಂಜೆ ವಾಪಸು ಬರುವ ಬಸ್ಸಿನಲ್ಲಿ ಮಾತ್ರ ಕೋಣೆಗೆ ಹೋಗುವುದೇ ಬೇಡ ಅನಿಸುತ್ತಿತ್ತು. ಇಡೀ ದಿನ ನೂರಾರು ಜನರ ನಡುವೆ ಕೂತು ಬಂದವಳು ಕೋಣೆಯ ಬೀಗ ತೆಗೆದು ಒಬ್ಬಳಿಗೇ ರೊಟ್ಟಿ ಬಡಿಯಬೇಕು. ಒಬ್ಬಳಿಗೆ ಅಡುಗೆ ಮಾಡಿಕೊಳ್ಳುವುದರಷ್ಟು ಬೇಸರದ ಕೆಲಸ ಇನ್ನೊಂದಿಲ್ಲ. ಎಷ್ಟೋ ಸಲ ಬರೀ ಅವಲಕ್ಕಿ ತಿಂದು ಮಲಗಿದ್ದೇನೆ.

ನನ್ನ ಕೋಣೆ ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿ. ಮಾಲಕರು ಮೇಲೆ, ನಾನು ಕೆಳಗೆ. ಅದೇ ಓಣಿಯಲ್ಲಿ ಬುಧವಾರ ಸಂಜೆ, ಮನೆಯಲ್ಲೇ ಸೇರಿ ಹಾಡಿ ಪ್ರಾರ್ಥಿಸುವ ಕ್ರೈಸ್ತರ ಒಂದು ಕೂಟ ನಡೆಯುತ್ತಿತ್ತು. ಗಿರಣಿಯ ಕೆಲಸಕ್ಕೆ ಹೋಗುವ ಹೆಂಗಸರು, ಒಬ್ಬ ನರ್ಸು, ಕ್ಯಾಂಪಿನಿಂದ ಬಂದು ನೆಲೆಸಿದ ಎರಡು ತೆಲುಗು ಮನೆಯವರು. ಇವರಿಗೆಲ್ಲ ಹಿರಿಯಳು ಒಬ್ಬ ಮುದುಕಿ, ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡಿ ನಿವೃತ್ತಿಯಾದವಳು. ಎಲ್ಲರೂ ಅವಳನ್ನು ದೊಡ್ಡವ್ವ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮೊದಲ ದಿನ ನಾನು ಹೊಸ್ತಿಲಲ್ಲೇ ನಿಂತಾಗ, "ಬಾ ಯವ್ವಾ, ಬರಕೊಳ್ಳೂದ ಆದ್ರ ಕುಂತ ಬರಕೋ, ನಿಂತ ಬರದ್ರ ಅಕ್ಷರ ಸೊಟ್ಟ ಆಕ್ಕಾವು," ಎಂದು ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.

ಆ ಕೂಟಕ್ಕೆ ಕಟ್ಟಡವಿರಲಿಲ್ಲ, ಇದ್ದದ್ದು ಒಂದು ಜಮಖಾನ. ಕೆಂಪು ನೀಲಿ ಪಟ್ಟೆಯದು, ಭಾರವಾದದ್ದು. ಕೂಟ ಮುಗಿದ ಕೂಡಲೇ ಇಬ್ಬರು ಅದನ್ನು ಸುತ್ತಿ ಮುಂದಿನ ಮನೆಗೆ ಒಯ್ದು ಇಡುತ್ತಿದ್ದರು. ಜಮಖಾನ ಯಾರ ಮನೆಯಲ್ಲಿದೆಯೋ ಬರುವ ಬುಧವಾರದ ಕೂಟ ಅವರದು. ಹೀಗೆ ಓಣಿಯ ಈ ತುದಿಯಿಂದ ಆ ತುದಿಗೆ ಸರದಿ. ಜಮಖಾನ ಬಂದ ಮನೆಯವರು ಗೋಡೆ ಒರೆಸಿ, ಮಂಡಕ್ಕಿಗೆ, ಅಂದರೆ ನಮ್ಮ ಮಂಡಾಳಿಗೆ, ಒಗ್ಗರಣೆ ಹಾಕಿ, ನೆಂಟರು ಬರುವ ಹಾಗೆ ಓಡಾಡುವುದನ್ನು ನೋಡುತ್ತಿದ್ದೆ. ನನಗೂ ಸರದಿ ಬರಬಾರದೇ ಎಂಬ ಆಸೆ ಯಾವಾಗ ಹುಟ್ಟಿತೋ ಗೊತ್ತಿಲ್ಲ. ನನ್ನ ಕೋಣೆಗೆ ಹಾಲಿನವನನ್ನು ಬಿಟ್ಟರೆ ಯಾರೂ ಬಂದಿರಲಿಲ್ಲ.

ಒಂದು ಬುಧವಾರ ನಮ್ಮ ಪಕ್ಕದ ಮನೆಯಲ್ಲಿ ಕೂಟ ಮುಗಿಯಿತು. ಮುಂದಿನದು ನನ್ನ ಬಾಗಿಲು, ಅದನ್ನು ದಾಟಿದರೆ ನರ್ಸಿನ ಮನೆ. ಜಮಖಾನ ಹೊತ್ತವರು ನನ್ನನ್ನು ನೋಡಿದರು.

"ಇಡ್ರಿ, ನಮ್ಮನ್ಯಾಗ ಇಡ್ರಿ," ಎಂದುಬಿಟ್ಟೆ.

ದೊಡ್ಡವ್ವ ಹುಬ್ಬೇರಿಸಿದಳು. "ವಿಚಾರ ಮಾಡಿ ಹೇಳಾಕತ್ತೀ ಏನ ಯವ್ವಾ?"

"ಅದರಾಗ ವಿಚಾರ ಏನೈತಿ ದೊಡ್ಡವ್ವ? ಬುಧವಾರ ಬರ್ರಿ." ತೆಲುಗು ಮನೆಯ ಹೆಂಗಸು ಸಂತೋಷದಿಂದ ನನ್ನ ಕೆನ್ನೆ ಸವರಿದಳು. ಜಮಖಾನ ನನ್ನ ಕೋಣೆಯ ಮೂಲೆಯಲ್ಲಿ ಬಂದು ಕೂತಿತು. ಆ ರಾತ್ರಿ ಯಾರೋ ಮನೆಗೆ ಬಂದು ಉಳಿದಿದ್ದಾರೆ ಅನಿಸಿ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ನನ್ನ ಮಾರ್ಗದರ್ಶಕರಿಗೆ ಫೋನಿನಲ್ಲಿ ಹೇಳಿದಾಗ ಅವರು ಮೆಚ್ಚಲಿಲ್ಲ. "ನೀವು ನೋಡೋರು ಮೇಡಮ್, ಮಾಡೋರಲ್ಲ. ಸ್ವಲ್ಪ ದೂರ ಇರಿ." ಇನ್ನೆಷ್ಟು ದೂರ ಇರಬೇಕು ಎಂದು ಕೇಳಬೇಕೆನಿಸಿತು. ಅವ್ವನಿಗೂ ನಾನೇ ಹೇಳಿದೆ, ಬೇರೆಯವರಿಂದ ತಿಳಿಯುವುದು ಬೇಡವೆಂದು.

"ನೀ ಅವರೊಳಗ ಕೂಡಿದೇನ?" ಎಂದಳು.

"ಇಲ್ಲವ್ವ."

"ಮತ್ತ ಯಾಕ ಕರೀತಿ ಮನಿಗೆ?"

ಒಬ್ಬಳೇ ಇದ್ದು ಇದ್ದು ಸಾಕಾಗಿದೆ ಅವ್ವ ಎಂದು ಹೇಳಲು ಬಾಯಿ ಬರಲಿಲ್ಲ. ಓದಿಗೆ ಬೇಕು ಎಂದೆ. ಅವ್ವ ಉಂಡೆಯೋ ಇಲ್ಲವೋ ಎಂದು ಕೂಡ ಕೇಳದೆ ಫೋನು ಇಟ್ಟಳು.

ಸೋಮವಾರ ಮಾಲಕರ ಹೆಂಡತಿ ಮೆಟ್ಟಿಲ ಮೇಲೆ ನನ್ನನ್ನು ತಡೆದರು. "ಟೀಚರ್, ಜಮಖಾನ ನಿಮ್ಮ ಮನ್ಯಾಗ ಬಂದೈತಂತ? ನೋಡ್ರಿ, ನಮ್ಮವರು ಅಂತ ನಿಮಗ ಕೋಣಿ ಕೊಟ್ಟೀವಿ. ನಮಗ ಯಾರ ಮ್ಯಾಲೂ ಸಿಟ್ಟಿಲ್ಲ. ಆದ್ರ ನಾಳಿ ಮಂದಿ ನಮ್ಮನ್ನ ಕೇಳ್ತಾರ. ನಿಮಗ ಹಾಡು ಹಾಡಿಸೂದ ಇದ್ದರ ಬ್ಯಾರೆ ಮನಿ ನೋಡ್ಕೋರ್ರಿ."

ಮೆತ್ತಗೆ ಹೇಳಿದ್ದರು, ನಾನೂ ಮೆತ್ತಗೆ ಉತ್ತರಿಸಬಹುದಿತ್ತು. ನನ್ನ ಸಿಟ್ಟು ನಮ್ಮಪ್ಪನದು, ಹೇಳಿ ಕೇಳಿ ಬರುವುದಿಲ್ಲ. "ನೋಡ್ಕೋತೀನ್ರಿ! ಗಂಗಾವತ್ಯಾಗ ನಿಮ್ಮದೊಂದ ಮನಿ ಐತೇನು? ಬುಧವಾರ ಅವರು ಬರತಾರ, ಹಾಡತಾರ, ನಾ ಮಂಡಾಳು ಮಾಡ್ತೀನಿ. ಮರುದಿನಾನ ಗಂಟು ಕಟ್ಟು ಅಂದ್ರೂ ಕಟ್ಟತೀನಿ!" ಎಂದು ಕೂಗಾಡಿದೆ. ಓಣಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಮನಸ್ಸಿನಲ್ಲಿ ಒಂದು ಥರದ ಖುಷಿ ಇತ್ತು, ಯಾರದೋ ಪರವಾಗಿ ಜಗಳ ಮಾಡಿ ಎಷ್ಟು ವರ್ಷವಾಗಿತ್ತೋ.

ಬುಧವಾರ ಮಧ್ಯಾಹ್ನ ನರ್ಸು ಬಂದು, "ಜಮಖಾನ ಧೂಳ ಹಿಡದೈತಿ ಅಕ್ಕಾ, ಝಾಡಿಸಿ ಬಿಸಲಿಗೆ ಹಾಕ್ತೀನಿ," ಎಂದು ಒಯ್ದಳು. ಒಳ್ಳೆಯ ಹುಡುಗಿ ಎಂದುಕೊಂಡೆ. ಕಾಲೇಜಿಗೆ ಅರ್ಧ ದಿನ ರಜೆ ಹಾಕಿದ್ದೆ. ನೆಲ ಒರೆಸಿ, ಪುಸ್ತಕಗಳನ್ನೆಲ್ಲ ಮಂಚದ ಕೆಳಗೆ ತಳ್ಳಿ, ಪಕ್ಕದ ಮನೆಯಿಂದ ದೊಡ್ಡ ಬುಟ್ಟಿ ಇಸಕೊಂಡು ಬಂದು ಮಂಡಾಳಿಗೆ ಒಗ್ಗರಣೆ ಹಾಕಿದೆ. ಹುರಿಗಡಲೆ ಹಿಟ್ಟು ಉದುರಿಸಿ, ಮೇಲೆ ಕೊತ್ತಂಬರಿ, ಮಿರ್ಚಿ ಭಜ್ಜಿ ಬೇರೆ. ಪಕ್ಕದ ಮನೆಯವಳು ಬುಟ್ಟಿ ಕೊಡುವಾಗ ನನ್ನ ಮುಖ ನೋಡಲಿಲ್ಲ. ಆಗ ನನಗೆ ಹೊಳೆಯಬೇಕಿತ್ತು.

ಬೆಳಕು ಹೋಯಿತು. ಗಿರಣಿಯ ಸದ್ದು ನಿಂತಿತು. ಬಾಗಿಲಿಗೆ ಹೋಗಿ ನಿಂತೆ, ಒಳಗೆ ಬಂದೆ, ಮತ್ತೆ ಹೋದೆ. ಆಗ ಆಚೆ ಮನೆಯಿಂದ ಹಾಡು ಶುರುವಾಯಿತು. ನರ್ಸಿನ ಮನೆಯಿಂದ. ಮೊದಲು ತೆಲುಗಿನದು, ಆಮೇಲೆ ಕನ್ನಡದ್ದು. ದೊಡ್ಡವ್ವನ ಒಡಕು ದನಿ ಎಲ್ಲದರ ಮೇಲೆ ಕೇಳುತ್ತಿತ್ತು. ನಡುವೆ ಒಂದೇ ಗೋಡೆ. ಎದ್ದು ಹೋಗಿ ಬಾಗಿಲು ಬಡಿಯಬಹುದಿತ್ತು. ಹೋಗಲಿಲ್ಲ. ಬರೀ ನೆಲದ ಮೇಲೆ ಬುಟ್ಟಿಯ ಮುಂದೆ ಕೂತು ಅತ್ತೆ, ಸಣ್ಣ ಮಕ್ಕಳು ಅಳುವ ಹಾಗೆ.

ಹಾಡು ಮುಗಿಯುವ ಹೊತ್ತಿಗೆ ಮಾಲಕರ ಹೆಂಡತಿ ಕೆಳಗಿಳಿದು ಬಂದರು. ಬುಟ್ಟಿ ನೋಡಿದರು, ನನ್ನನ್ನು ನೋಡಿದರು. "ಬರಲಿಲ್ಲೇನ್ರಿ?" ಎಂದರು. ನಾನು ತಲೆ ಅಲ್ಲಾಡಿಸಿದೆ. ಅವರು ನೆಲಕ್ಕೆ ಕೂತು, "ಒಬ್ಬಾಕಿನ ಎಷ್ಟ ತಿಂತೀರಿ, ಕೊಡ್ರಿ ಇಲ್ಲಿ," ಎಂದು ಒಂದು ಪ್ಲೇಟು ಹಾಕಿಸಿಕೊಂಡರು. ಮಂಡಾಳು ಆಗಲೇ ಮೆತ್ತಗಾಗಿತ್ತು. "ಛಲೋ ಆಗೇತಿ. ಉಪ್ಪು ಒಂದೀಟ ಕಡಿಮಿ," ಎಂದರು. ಮನೆ ಬಿಡುವ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ದೊಡ್ಡವ್ವನ ಮನೆಗೆ ಜಗಳಕ್ಕೆಂದೇ ಹೋದೆ. ಅವಳು ಒಲೆಯ ಮುಂದೆ ಕೂತಿದ್ದಳು.

"ನನ್ನ ಬಾಗಲಾ ದಾಟಿ ಹೋದ್ರಿ. ಒಂದ ಮಾತ ಹೇಳಬಾರದೇನ ದೊಡ್ಡವ್ವ?"

"ನೀ ಸೋಮವಾರ ಒದರಿದ್ದು ಓಣಿಗೆಲ್ಲಾ ಕೇಳೇತಿ ಯವ್ವಾ. ನಮ್ಮಿಂದ ನಿನ್ನ ಮನಿ ಹೋಗಬಾರದಂತ ಎಲ್ಲಾರೂ ಕೂಡಿ ಮಾತಾಡಿದಿವಿ. ನಿನಗ ಹೇಳಿದ್ರ ನೀ ಕೇಳಾಕಿ ಅಲ್ಲ, ಹಟಮಾರಿ. ನಿನ್ನೆ ನಿನ್ನ ಸಲುವಾಗಿನ ಪ್ರಾರ್ಥನಾ ಮಾಡೀವಿ. ಕ್ಯಾಂಪಿನಾಕಿ ಅಂತೂ ಅತ್ತು ಅತ್ತು ಬೇಡಿಕೊಂಡ್ಳು."

"ನಾ ಮನಿ ಬಿಡಾಕ ತಯಾರಿದ್ದೆ."

ದೊಡ್ಡವ್ವ ಊದುಕೊಳವೆ ಕೆಳಗಿಟ್ಟು ನನ್ನ ಕೈ ಹಿಡಿದಳು. ಪ್ರೀತಿಯಿಂದಲೇ ಹೇಳಿದಳು, ಅದೇ ಕಷ್ಟವಾದದ್ದು. "ಬಿಟ್ಟು ಎಲ್ಲಿಗೆ ಹೋಗ್ತಿದ್ದಿ? ನಂಬಿದವರು ತ್ರಾಸ ಪಡಬೇಕು, ಅದು ನಮ್ಮ ಪಾಲಿಂದು. ನೀ ಯಾಕ ಪಡ್ತಿ ಯವ್ವಾ?"

ಹೌದು, ನಾನು ಯಾಕೆ ಪಡಬೇಕು? ದೇಶದೇಶದ ನಂಬಿಕೆಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದೆ, ಆ ಒಂದು ಪ್ರಶ್ನೆ ಯಾವ ಪುಟದಲ್ಲೂ ಇರಲಿಲ್ಲ. ನಾನು ನಂಬಿದವಳಲ್ಲ. ಸುಳ್ಳು ಹೇಳಿ ಸೇರಿಕೊಳ್ಳುವವಳೂ ಅಲ್ಲ. ಅವಳು ಕೊಟ್ಟ ಚಹಾ ಕುಡಿದು ಎದ್ದು ಬಂದೆ. ಮಾರ್ಗದರ್ಶಕರಿಗೆ ತಿಳಿಸಿದಾಗ, "ಒಳ್ಳೆಯದೇ ಆಯ್ತಲ್ಲ," ಎಂದರು.

ಈಗ ಸರದಿಯಲ್ಲಿ ನನ್ನ ಮನೆ ಇಲ್ಲ. ಯಾರೂ ಬೇಡ ಎಂದಿಲ್ಲ, ಕೇಳುವುದೂ ಇಲ್ಲ. ಜಮಖಾನ ಆ ತುದಿ ಮುಟ್ಟಿ, ತಿರುಗಿ ಈ ತುದಿಗೆ ಬಂದು, ಮೊನ್ನೆ ಬುಧವಾರ ಮತ್ತೆ ಪಕ್ಕದ ಮನೆಯಲ್ಲಿತ್ತು. ಕೂಟಕ್ಕೆ ಹೊರಡುವ ಮೊದಲು ನಾನು ಕೋಣೆಯ ನೆಲ ಒರೆಸಿದೆ. ಯಾಕೆ ಒರೆಸಿದೆ ಎಂದರೆ ಏನು ಹೇಳಲಿ, ಒರೆಸಿದೆ. ಕೂಟ ಮುಗಿದ ಮೇಲೆ ದೊಡ್ಡವ್ವ ಸುತ್ತಿದ ಜಮಖಾನದ ಒಂದು ತುದಿ ತಾನು ಎತ್ತಿಕೊಂಡು, "ಯವ್ವಾ, ಆ ಕಡೆ ಹಿಡಿ. ನರ್ಸಮ್ಮನ ಮನಿಗೆ," ಎಂದಳು. ಹಿಡಿದೆ. ಅವಳು ಮುಂದೆ, ನಾನು ಹಿಂದೆ.

ನನ್ನ ಬಾಗಿಲು ಬಂತು. ಒಳಗೆ ದೀಪ ಉರಿಯುತ್ತಿತ್ತು, ಬೇಕೆಂದೇ ಹಚ್ಚಿಟ್ಟು ಬಂದಿದ್ದೆ. ದೊಡ್ಡವ್ವ ಆ ಕಡೆ ತಿರುಗಿಯೂ ನೋಡದೆ, "ಸಾವಕಾಶ, ಇಲ್ಲಿ ಗಟಾರ ಐತಿ," ಎಂದಳು. ನಾನು ನನ್ನ ಕಡೆಯ ತುದಿಯನ್ನು ಇನ್ನೊಂದಿಷ್ಟು ಮೇಲೆತ್ತಿ ಹಿಡಿದು ಗಟಾರ ದಾಟಿದೆ.